ಹೆಸರು ಹೇಳದ ದಿಬ್ಬ

ಕಡಲ ಗಂಡಿಯ ನಡುವಿನ ಆ ಮರಳುದಿಬ್ಬ ಹತ್ತಿರ ಬರುತ್ತಿದ್ದಂತೆ ಸೆಂಪುರ್ ದ್ವೀಪದ ದೋಣಿಗಳಲ್ಲಿ ಮಾತು ನಿಲ್ಲುತ್ತಿತ್ತು. ಜಗಳವಾಡುತ್ತಿದ್ದವರು ಜಗಳವನ್ನು ಅರ್ಧಕ್ಕೆ ಬಿಡುತ್ತಿದ್ದರು. ದಿಬ್ಬ ದಾಟಿದ ಮೇಲೆ ಬಿಟ್ಟ ಜಾಗದಿಂದಲೇ ಮತ್ತೆ ಎತ್ತಿಕೊಳ್ಳುತ್ತಿದ್ದರು. ಅಳುವ ಮಗುವಿನ ಬಾಯಿಗೆ ತಾಯಿ ಮೊಲೆ ಕೊಡುತ್ತಿದ್ದಳು. ಮೋಟಾರು ಬಂದ ಕಾಲದಲ್ಲಿ ಮೋಟಾರು ಆರಿಸಿ ಹುಟ್ಟು ಹಾಕುತ್ತಿದ್ದರು. ಅತ್ತ ಬೆರಳು ತೋರಿಸುವಂತಿಲ್ಲ, ಹೆಸರೆತ್ತುವಂತಿಲ್ಲ. ಊರಿನ ಸತ್ತವರೆಲ್ಲ ಮಲಗಿದ್ದುದು ಅಲ್ಲಿ. ನೀರಿನ ಮೇಲಿಂದ ಹೆಸರು ಹೇಳಿದರೆ, ತಮ್ಮನ್ನು ಕರೆದರೆಂದುಕೊಂಡು ಅವರು ಎದ್ದು ದೋಣಿಯ ಹಿಂದೆಯೇ ಮನೆಗೆ ಬರುತ್ತಾರೆ ಎಂದು ಹಿರಿಯರು ಹೇಳುತ್ತಿದ್ದರು. ಹಾಗೆ ಬಂದವರನ್ನು ಮತ್ತೆ ಮಲಗಿಸುವ ವಿದ್ಯೆ ಯಾರಿಗೂ ಗೊತ್ತಿರಲಿಲ್ಲ. ಹೇಳಲೇಬೇಕಾಗಿ ಬಂದರೆ ಮನೆಯೊಳಗೆ, ಕಡಲಿಗೆ ಬೆನ್ನು ಹಾಕಿ ಕೂತು ಹೇಳಬೇಕು.

ಲಾಮತ್ ಮುದುಕನ ಹೆಂಡತಿ ಬಿದಾ ಅಲ್ಲಿ ಮಲಗಿ ನಲವತ್ತೊಂದು ವರ್ಷವಾಗಿತ್ತು. ಅವಳ ಮಗ್ಗುಲಲ್ಲಿ ಐದು ದಿನದ ಹೆಣ್ಣುಮಗು. ಏಳನೆಯ ದಿನ ಕೂದಲು ತೆಗೆಸಿ ಹೆಸರಿಡುವುದು ಆ ಜನರ ಪದ್ಧತಿ. ಅದಕ್ಕೆ ಮುಂಚೆ ತಾಯಿ ಮನಸ್ಸಿನಲ್ಲಿಟ್ಟುಕೊಂಡ ಹೆಸರನ್ನು ಯಾರಿಗೂ ಹೇಳುವುದಿಲ್ಲ, ಗಂಡನಿಗೂ ಇಲ್ಲ.

"ಏನಂತ ಇಡ್ತೀಯೇ?" ಎಂದು ಲಾಮತ್ ಕೇಳಿದ್ದ.

"ಇನ್ನೆರಡು ದಿನ ತಡಕೊಳ್ಳೋಕೆ ಆಗಲ್ವಾ ನಿಂಗೆ? ಗಂಡಸರ ಹೊಟ್ಟೇಲಿ ಮಾತು ನಿಲ್ಲಲ್ಲ" ಎಂದು ಬಿದಾ ನಕ್ಕಿದ್ದಳು.

ಆ ಎರಡು ದಿನ ಬರಲಿಲ್ಲ. ಮಗು ಐದನೆಯ ದಿನವೇ ಹೋಯಿತು. ಎಂಟನೆಯ ದಿನ ಬಾಣಂತಿ ಜ್ವರದಲ್ಲಿ ಬಿದಾ ಹೋದಳು. ಹೆಸರೂ ಅವಳ ಜೊತೆಗೇ ಹೋಯಿತು.

ಲಾಮತ್ ಇನ್ನೊಂದು ಮದುವೆಯಾಗಲಿಲ್ಲ. ಬೆಳಿಗ್ಗೆ ಮೀನಿಗೆ ಹೋಗುವಾಗ ಒಮ್ಮೆ, ಮಧ್ಯಾಹ್ನ ತಿರುಗಿ ಬರುವಾಗ ಒಮ್ಮೆ ದಿಬ್ಬದ ಪಕ್ಕ ಬಾಯಿ ಮುಚ್ಚಿಕೊಂಡು ದೋಣಿ ದಾಟಿಸುತ್ತಿದ್ದ. ಅವನ ಸಂಸಾರ ಅಂದರೆ ಅಷ್ಟೇ. ಮಾತಿಲ್ಲದಿದ್ದರೂ ದಿನಕ್ಕೆರಡು ಸಲ ಹೆಂಡತಿ ಮಗುವಿನ ಹತ್ತಿರ ಹೋಗಿ ಬಂದಂತಾಗುತ್ತಿತ್ತು.

ಆ ದಿಬ್ಬದ ಪಕ್ಕ ಹಡಗೊಂದು ಲಂಗರು ಹಾಕಿದ್ದನ್ನು ಮೊದಲು ಕಂಡವಳು ಅವನ ತಂಗಿ ತೀಮಾ. ಗಂಡ ಸತ್ತ ಮೇಲೆ ಅಣ್ಣನ ಪಕ್ಕದ ಮನೆಯಲ್ಲೇ ಇದ್ದಳು. ಎರಡೂ ಮನೆ ನೀರಿನ ಮೇಲೆ ಕಂಬ ನೆಟ್ಟು ಕಟ್ಟಿದವು, ನಡುವೆ ಒಂದೇ ಹಲಗೆ. ಮುಂಜಾನೆ ಕಾಫಿ ಲೋಟ ಹಿಡಿದು ಹಲಗೆ ದಾಟಿ ಬಂದವಳು ಲೋಟ ಕೊಡಲಿಲ್ಲ, ಹಾಗೇ ನಿಂತಳು.

"ಅಬಾಂಗ್, ಏಳು. ಅಲ್ಲಿ ಒಂದು ಹಡಗು ನಿಂತಿದೆ. ಆನೆ ಸೊಂಡಿಲಿನ ಹಾಗೆ ಏನೋ ನೀರಿಗೆ ಇಳಿಬಿಟ್ಟಿದೆ."

ಅಣ್ಣ ಎನ್ನುವುದಕ್ಕೆ ಅವರು ಅಬಾಂಗ್ ಅನ್ನುತ್ತಾರೆ. ಎಪ್ಪತ್ತು ದಾಟಿದ ಅಣ್ಣ ಚಾಪೆ ಬಿಟ್ಟು ಎದ್ದು ಜಗಲಿಗೆ ಬಂದ. ನೋಡಿದ.

"ಮರಳು ಎಳೆಯೋ ಹಡಗು ಅಲ್ವಾ ಅದು? ಬಟು ಕಡೆ ಬಂದಿತ್ತಂತಲ್ಲ ಹೋದ ವರ್ಷ, ಅದೇ ತರಹದ್ದು. ಪಟ್ಟಣದೋರು ಸಮುದ್ರ ತುಂಬಿ ನೆಲ ಮಾಡ್ತಾರಂತೆ. ನಮ್ಮ ಮರಳು ತಗೊಂಡೋಗಿ ಅವರ ಸಮುದ್ರಕ್ಕೆ ಸುರೀತಾರೆ. ಅಬಾಂಗ್, ಕೇಳಿಸ್ತಾ?"

"ಕೇಳಿಸ್ತು."

"ಅಲ್ಲಿ ನಮ್ಮೋರಿದಾರೆ ಅಂತ ಹೇಳೋರ್ಯಾರೂ ಇಲ್ವಾ ಅವರಿಗೆ?"

ಹೇಳಬೇಕಾದವನು ಯಾರೆಂದು ಲಾಮತನಿಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಕೇಳಲು ಬಂದವರಿಗೆ ಅವನು ಏನು ಹೇಳಿದ್ದ ಎನ್ನುವುದೂ ಗೊತ್ತಿತ್ತು.

ಸೆಂಪುರಿಗೂ ಎದುರಿನ ಬುಲುಹ್ ದ್ವೀಪಕ್ಕೂ ನಡುವಿನ ಗಂಡಿ ಬಡಗಣ ಬಾಯಲ್ಲಿ ಅಗಲ, ತೆಂಕಣ ಬಾಯಲ್ಲಿ ಇಕ್ಕಟ್ಟು. ಇಳಿತದ ನೀರು ಆರು ತಾಸು ತೆಂಕಕ್ಕೆ ಓಡುತ್ತದೆ, ಉಬ್ಬರದ ನೀರು ಆರು ತಾಸು ಬಡಗಕ್ಕೆ. ಒಂದು ನಿಂತು ಇನ್ನೊಂದು ತಿರುಗುವ ಜಾಗದಲ್ಲಿ ನೀರು ಸುಸ್ತಾಗಿ ಹೊತ್ತು ತಂದ ಮರಳನ್ನು ಕೆಳಗಿಡುತ್ತದೆ. ಹಾಗೆ ಕೂತ ಮರಳೇ ಆ ದಿಬ್ಬ. ನೆತ್ತಿಯ ಮೇಲೆ ಏಳು ಗಾಳಿಮರ. ಹಿಂದೆ ಈ ಗಂಡಿಯನ್ನು ಆಳುತ್ತಿದ್ದುದು ಬಾತಿನ್. ಅಂದರೆ ದೋಣಿಜನರ ಯಜಮಾನ. ಲಾಮತನ ಮುತ್ತಾತ ಕೊನೆಯ ಬಾತಿನ್. ಯಾರ ದೋಣಿ ಯಾವ ಕೊಲ್ಲಿಯಲ್ಲಿ ನಿಲ್ಲಬೇಕು, ಯಾರು ಯಾವ ಬಂಡೆಯ ಬಳಿ ಗಾಳ ಹಾಕಬೇಕು ಎನ್ನುವುದೆಲ್ಲ ಅವನ ಬಾಯಲ್ಲಿತ್ತು, ಕಾಗದದಲ್ಲಿ ಇರಲಿಲ್ಲ. ಸುಲ್ತಾನರು ಹೋದರು, ಡಚ್ಚರು ಹೋದರು, ಯಾರೂ ಗಂಡಿಯ ನಡುವೆ ಗೆರೆ ಎಳೆಯಲಿಲ್ಲ. ಒಂದೇ ಇದ್ದ ಜಿಲ್ಲೆ ಎರಡಾದಾಗ ಮಾತ್ರ ಗೆರೆ ಬೇಕಾಯಿತು. ಸೆಂಪುರ್ ಒಂದು ಜಿಲ್ಲೆಗೆ, ಬುಲುಹ್ ಇನ್ನೊಂದಕ್ಕೆ. ನಡುವಿನ ಬಂಡೆ ದಿಬ್ಬಗಳು ಯಾರಿಗೆ ಎಂದು ತೀರ್ಮಾನಿಸಲು ಸರ್ಕಾರದವರು ಬಂದರು.

ಅಳತೆಯವರಲ್ಲಿ ಮುಖ್ಯನಾದವನು ಪಾಕ್ ಹರ್ತೋನೊ, ದೂರದ ಜಾವಾದವನು. ಅಧಿಕಾರಿ ಗಂಡಸಾದರೆ ಪಾಕ್, ಹೆಂಗಸಾದರೆ ಬು ಎನ್ನುವುದು ಅಲ್ಲಿನ ಮರ್ಯಾದೆ. ಒಳ್ಳೆಯ ಮನುಷ್ಯ, ಆದರೆ ಕಡಲು ಆಗದವನು. ದೋಣಿ ಹತ್ತಿದ ಅರ್ಧ ತಾಸಿಗೆ ಮುಖ ಬಾಡಿದ ಸೊಪ್ಪಿನಂತಾಯಿತು. ದಾರಿ ತೋರಿಸಲು ಊರಿನ ಮುಖ್ಯಸ್ಥ ಕಳಿಸಿದ್ದು ಲಾಮತನನ್ನು, ಮೋಟಾರು ನಡೆಸಲು ತೀಮಾಳ ಗಂಡ ದೋಲಾನನ್ನು. ಒಂದೊಂದು ಜಾಗದ ಹೆಸರಿಗೂ ಇಬ್ಬರು ಸ್ಥಳೀಯರ ಸಾಕ್ಷಿ ಬೇಕಂತೆ, ಇವರೇ ಆ ಇಬ್ಬರು.

"ಇದಕ್ಕೇನಂತೀರಿ, ಆತೋಕ್?" ಹರ್ತೋನೊ ಕೇಳುತ್ತಿದ್ದ. ಅಜ್ಜ ಎಂದು ಗೌರವದಿಂದ ಕರೆಯುತ್ತಿದ್ದ.

"ಅತ್ತೆಬಂಡೆ."

"ಯಾಕೆ ಆ ಹೆಸರು?"

"ಉಬ್ಬರದಲ್ಲಿ ಸುಮ್ಮನಿರುತ್ತೆ. ನೀರಿಳಿದಾಗ ಗೊಣಗುತ್ತೆ" ಎಂದ ಲಾಮತ್.

ಹಿಂದಿನಿಂದ ದೋಲಾ, "ನಮ್ಮತ್ತೆ ಉಬ್ಬರದಲ್ಲೂ ಗೊಣಗ್ತಿದ್ಲು ಸಾರ್. ಅವಳನ್ನೂ ಬರಕೊಳ್ಳಿ" ಎಂದ. ತನ್ನ ತಾಯಿಯ ಮೇಲೆ ಹೇಳಿದ್ದಕ್ಕೆ ಲಾಮತ್ ಅವನ ತಲೆಗೆ ಹುಟ್ಟಿನಿಂದ ನೀರು ಚಿಮ್ಮಿದ. ಹರ್ತೋನೊ ನಗಲು ಹೋಗಿ ದೋಣಿಯ ಅಂಚಿಗೆ ಬಾಗಿ ವಾಂತಿ ಮಾಡಿಕೊಂಡ.

ಸ್ವಲ್ಪ ಚೇತರಿಸಿಕೊಂಡು ಅವನು ಕಾನೂನು ತಿಳಿಸಿಕೊಟ್ಟ. "ಉಬ್ಬರದಲ್ಲೂ ತಲೆ ನೀರಿಂದ ಮೇಲಿದ್ರೆ ಅದು ದ್ವೀಪ. ಮುಳುಗಿದ್ರೆ ಅಲ್ಲ. ಇಷ್ಟೇ ಲೆಕ್ಕ."

"ಹಾಗಾದ್ರೆ ನಮ್ಮೂರಲ್ಲಿ ಅರ್ಧ ಜನ ಮನುಷ್ಯರೇ ಅಲ್ಲ. ಹುಣ್ಣಿಮೆ ಉಬ್ಬರಕ್ಕೆ ನನ್ನ ಅಡುಗೆಮನೆ ಮುಳುಗುತ್ತೆ" ಎಂದ ದೋಲಾ.

ಹೀಗೆ ನಗುತ್ತ ಎರಡು ದಿನ ಕಳೆಯಿತು. ಮೂವತ್ತೆಂಟು ಹೆಸರು ಬರೆದಾಗಿತ್ತು. ಮೂರನೆಯ ದಿನ ಇಳಿತದ ನೀರಿನಲ್ಲಿ ತೆಂಕಕ್ಕೆ ಬರುವಾಗ ಏಳು ಗಾಳಿಮರ ಕಂಡವು. ದೋಲಾ ಮೋಟಾರು ಆರಿಸಿದ. ಲಾಮತ್ ಹುಟ್ಟು ತೆಗೆದುಕೊಂಡ.

"ಯಾಕೆ, ಕೆಟ್ಟೋಯ್ತಾ?" ಎಂದ ಹರ್ತೋನೊ. ಯಾರೂ ಉತ್ತರ ಕೊಡಲಿಲ್ಲ. ಅವನು ದಿಬ್ಬದ ಕಡೆ ಬೆರಳು ಚಾಚಿದ. ಲಾಮತ್ ಮೆಲ್ಲನೆ ಅವನ ಕೈ ಹಿಡಿದು ಕೆಳಗಿಳಿಸಿದ.

"ಅದು ಯಾವುದು, ಆತೋಕ್?"

ಲಾಮತ್ ನೀರು ನೋಡುತ್ತ ಹುಟ್ಟು ಹಾಕಿದ. ಹರ್ತೋನೊ ಮತ್ತೆ ಕೇಳಿದ. ಮೂರನೆಯ ಸಲ ದೊಡ್ಡ ದನಿಯಲ್ಲಿ ಕೇಳಿದ. ಇವನ ಬಾಯಿ ಹೇಗಾದರೂ ಮುಚ್ಚಬೇಕಿತ್ತು. ಅಪರಿಚಿತರು ಅಲ್ಲಿ ಕೇಳಿದರೆ ಹೇಳುವುದಕ್ಕೆಂದೇ ಹಿರಿಯರು ಕಲಿಸಿಟ್ಟ ಮಾತೊಂದಿತ್ತು. ಲಾಮತ್ ಅದನ್ನೇ ಪಿಸುದನಿಯಲ್ಲಿ ಹೇಳಿದ.

"ಏನೂ ಇಲ್ಲ. ಬರೀ ಮರಳು."

"ಹೆಸರು?"

"ಇಲ್ಲ."

"ಜನ? ಮನೆ, ಗೋರಿ, ತೋಟ, ಏನಾದ್ರೂ?"

"ಯಾರೂ ಇಲ್ಲ."

ಹರ್ತೋನೊ ದೋಲಾನ ಮುಖ ನೋಡಿದ. ದೋಲಾ ತಲೆ ಅಲ್ಲಾಡಿಸಿದ. ಯಾರೂ ಇಲ್ಲ.

ದಡಕ್ಕೆ ಹೋದ ಮೇಲೆ ಮನೆಯೊಳಗೆ ಕೂರಿಸಿ, ಕಡಲಿಗೆ ಬೆನ್ನು ಹಾಕಿ ಎಲ್ಲವನ್ನೂ ಹೇಳೋಣ ಎಂದುಕೊಂಡಿದ್ದ ಲಾಮತ್. ತೀಮಾ ಸಾಗೋ ಮರದ ಹಿಟ್ಟಿನ ರೊಟ್ಟಿ ಮಾಡಿ, ಒಣಗಿಸಿದ ಬೊಂಡಾಸು ಮೀನು ಹುರಿದು ಇಟ್ಟಿದ್ದಳು. ಆದರೆ ಹರ್ತೋನೊ ಸೆಂಪುರಿಗೆ ಬರಲೇ ಇಲ್ಲ. ಬುಲುಹ್ ಕಡೆಯ ದೊಡ್ಡ ದೋಣಿ ದಾರಿಯಲ್ಲೇ ಸಿಕ್ಕಿತು. ನೀರಿನ ಓಟ ತಪ್ಪಿದರೆ ಮತ್ತೆ ಆರು ತಾಸು ಕಾಯಬೇಕೆಂದು ಅವನು ಅಲ್ಲೇ ದೋಣಿ ಬದಲಿಸಿದ. ಹೋಗುವ ಮುಂಚೆ ಕಾಗದ ಮುಂದೆ ಚಾಚಿದ. ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಲಾಮತ್ ಕಾಗದ ಓದಲಾರ. ಮೂವತ್ತೆಂಟು ಹೆಸರಿನ ಕೆಳಗೆ ಹೆಸರಿಲ್ಲದ ಒಂದು ಸಾಲು ಇರುತ್ತದೆಂದು ಮಾತ್ರ ಬಲ್ಲ.

"ಆಮೇಲೆ ಹೇಳಿ ಕಳಿಸಿದ್ರಾಯ್ತು ಬಿಡು" ಎಂದ ದೋಲಾ.

ಹೇಳಿ ಕಳಿಸಲಿಲ್ಲ. ಮರೆತು ಬಿಟ್ಟದ್ದಲ್ಲ. ಕಾಗದದಲ್ಲಿ ಇಲ್ಲದಿರುವುದೇ ಒಳ್ಳೆಯದು ಎಂದು ಲಾಮತನಿಗೆ ಅನ್ನಿಸಿತ್ತು. ಇದೆ ಎಂದು ಬರೆದರೆ ಬರುತ್ತಾರೆ, ಬೋರ್ಡು ನೆಡುತ್ತಾರೆ, ನೋಡಲು ಬಂದವರು ಕೂಗಾಡುತ್ತಾರೆ. ಇಲ್ಲ ಎಂದು ಬರೆದ ಕಡೆಗೆ ಯಾರು ಹೋಗುತ್ತಾರೆ? ಬಿದಾ ನೆಮ್ಮದಿಯಾಗಿ ಮಲಗಿರುತ್ತಾಳೆ. ಎರಡು ವರ್ಷದ ನಂತರ ದೋಲಾ ಎದೆನೋವಿನಿಂದ ಸತ್ತ. ಯಾರೂ ಇಲ್ಲ ಎಂದು ತಾನೇ ಹೆಬ್ಬೆಟ್ಟು ಒತ್ತಿದ ದಿಬ್ಬದಲ್ಲಿ, ಬಿದಾಳಿಂದ ನಾಲ್ಕು ಮಾರು ದೂರದಲ್ಲಿ ಅವನನ್ನೂ ಮಲಗಿಸಿದರು.

ಹಡಗು ಬಂದ ದಿನವೇ ಅಣ್ಣ ತಂಗಿ ಇಬ್ಬರೂ ತಾಲೂಕು ಕಚೇರಿಗೆ ಹೋದರು. ಹೋಗುತ್ತ ದೋಣಿಯಲ್ಲಿ ಲಾಮತ್ ಆರು ವರ್ಷದ ಹಿಂದಿನದನ್ನೆಲ್ಲ ಹೇಳಿದ. ತೀಮಾ ಹುಟ್ಟು ನಿಲ್ಲಿಸಿ ಅವನನ್ನೇ ನೋಡಿದಳು.

"ಹೆಬ್ಬೆಟ್ಟು ಒತ್ತಿದ್ರಾ? ಇಬ್ಬರೂ? ನಂಗೊಂದು ಮಾತು ಹೇಳಲಿಲ್ಲ."

"ನಿಂಗೆ ಹೇಳಿದ್ರೆ ಊರಿಗೆಲ್ಲ ಹೇಳ್ತಿದ್ದೆ."

"ಹೇಳಿದ್ರೆ ಒಳ್ಳೇದೇ ಆಗ್ತಿತ್ತಲ್ಲ! ಜೀವಮಾನವೆಲ್ಲ ನನ್ನ ಬಾಯಿ ದೊಡ್ಡದು ಅಂತ ಬೈದೆ ನೀನು. ನಿನ್ನ ಸಣ್ಣ ಬಾಯಿ ಎಷ್ಟು ದೊಡ್ಡದನ್ನ ನುಂಗ್ತು ನೋಡು."

ಅವಳು ಮತ್ತೆ ಹುಟ್ಟು ಹಾಕಿದಳು. ಸ್ವಲ್ಪ ದೂರ ಹೋದ ಮೇಲೆ, "ಆ ಮುಠ್ಠಾಳನೂ ತಲೆ ಅಲ್ಲಾಡಿಸಿದ್ನಂತೆ" ಎಂದು ಸತ್ತ ಗಂಡನನ್ನು ಬೈದಳು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

ಕಚೇರಿಯಲ್ಲಿದ್ದ ಅಧಿಕಾರಿ ಬು ರತ್ಮಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಇಬ್ಬರಿಗೂ ಕುರ್ಚಿ ಹಾಕಿಸಿದಳು, ನೀರು ಕೊಡಿಸಿದಳು, ಪೂರ್ತಿ ಕೇಳಿಸಿಕೊಂಡಳು. ಒಳಗಿನಿಂದ ಒಂದು ಕಡತ ತಂದು ತೆರೆದಳು.

"ಆತೋಕ್, ಇದು ನಿಮ್ಮ ಹೆಬ್ಬೆಟ್ಟೇನಾ?"

"ನಂದೇ."

"ಹೆಸರಿಲ್ಲ, ಜನವಿಲ್ಲ, ಗೋರಿ ಇಲ್ಲ ಅಂತಿದೆ ಇಲ್ಲಿ. ಹೆಸರಿದ್ದ ಬಂಡೆಗಳೆಲ್ಲ ನಮ್ಮ ಜಿಲ್ಲೆಗೆ ಬಂದ್ವು, ನೀವು ಸಾಕ್ಷಿ ಹೇಳಿದ್ರಿಂದ. ಇದನ್ನ ಕೇಳೋರು ಯಾರೂ ಇಲ್ಲ ಅಂತ ಗೆರೆಯಿಂದ ಆಚೆ ಹಾಕಿದಾರೆ. ಆಚೆ ಜಿಲ್ಲೆಯೋರು ಮರಳಿಗೆ ಅಪ್ಪಣೆ ಕೊಟ್ಟಿದಾರೆ. ಕಾನೂನು ಪ್ರಕಾರ ಅವರ ತಪ್ಪೇನೂ ಇಲ್ಲ."

"ತಪ್ಪು ನಂದು. ನನ್ನ ತಪ್ಪನ್ನ ಅಳಿಸ್ಕೊಡಮ್ಮ" ಎಂದ ಲಾಮತ್. "ಈಗ ಹೇಳ್ತೀನಿ. ಕಡಲು ಯಾವ ಕಡೆ ಇದೆ ಇಲ್ಲಿ?"

ಅವಳು ಕಿಟಕಿ ತೋರಿಸಿದಳು. ಮುದುಕ ಎದ್ದು ಕುರ್ಚಿಯನ್ನು ಗೋಡೆಯ ಕಡೆ ತಿರುಗಿಸಿ, ಕಿಟಕಿಗೆ ಬೆನ್ನು ಹಾಕಿ ಕೂತ. ದಿಬ್ಬದ ಹೆಸರು ಹೇಳಿದ. ಅಲ್ಲಿ ಮಲಗಿದ ತನ್ನವರ ಹೆಸರುಗಳನ್ನು ಒಂದೊಂದಾಗಿ ಗೋಡೆಗೆ ಹೇಳಿದ. ಬು ರತ್ಮಿ ಬರೆದುಕೊಂಡಳು. ಬರೆಯುತ್ತ ಒಂದು ಕಡೆ ನಿಲ್ಲಿಸಿ, "ಮಗು ಹೆಸರು?" ಎಂದಳು.

"ಅದಕ್ಕೆ ಇಟ್ಟಿರಲಿಲ್ಲ."

ಅವಳು ಆ ಜಾಗ ಖಾಲಿ ಬಿಟ್ಟಳು.

ಎಲ್ಲ ಮುಗಿದ ಮೇಲೆ ಅವಳು ಕಷ್ಟಪಟ್ಟು ಹೇಳಿದಳು: "ಇದು ಇಲ್ಲಿ ಹೇಳಿದ್ರೆ ಸಾಲದು, ಆತೋಕ್. ತಿದ್ದುಪಡಿ ಆಗಬೇಕಾದ್ರೆ ಎರಡೂ ಜಿಲ್ಲೆಯ ಅಧಿಕಾರಿಗಳು ಇರಬೇಕು. ಸ್ಥಳದಲ್ಲೇ ನಿಂತು, ಇಬ್ಬರು ಸಾಕ್ಷಿಗಳು ಬಾಯಿಬಿಟ್ಟು ಹೇಳಬೇಕು. ಯಂತ್ರದಲ್ಲಿ ಜಾಗ ಗುರುತಿಸ್ಕೋತಾರೆ."

"ಸ್ಥಳದಲ್ಲಿ ಅಂದ್ರೆ?"

"ಅಲ್ಲೇ. ನೀರಿನ ಮೇಲೆ."

ಲಾಮತ್ ಗೋಡೆಯನ್ನೇ ನೋಡುತ್ತ ಕೂತ. ಅವನ ಚಿಕ್ಕಪ್ಪನೊಬ್ಬ ಹೆಂಡತಿ ಸತ್ತ ಸಂಕಟದಲ್ಲಿ ದಿಬ್ಬದ ಹತ್ತಿರ ಅವಳ ಹೆಸರು ಹಿಡಿದು ಕೂಗಿದ್ದ. ಆ ಮಳೆಗಾಲ ಅವನ ಮನೆಯಲ್ಲಿ ಮೂವರು ಸತ್ತರು. ಆಗ ಲಾಮತನಿಗೆ ಒಂಬತ್ತು ವರ್ಷ. ಖಾಲಿಯಾದ ಆ ಮನೆಯ ಹಲಗೆಗಳು ಒಂದೊಂದಾಗಿ ಕಳಚಿ ನೀರಿಗೆ ಬೀಳುತ್ತಿದ್ದುದು ಅವನಿಗೆ ಇನ್ನೂ ಕಾಣುತ್ತಿತ್ತು.

"ಯಾವತ್ತು ಬರ್ತಾರೆ ಅವರು?" ಎಂದು ಕೊನೆಗೆ ಕೇಳಿದ.

"ಇವತ್ತೇ ಕಾಗದ ಕಳಿಸ್ತೀನಿ."

ಕಾಗದ ಹೋಗಿ, ಆಚೆ ಜಿಲ್ಲೆಯಿಂದ ಉತ್ತರ ಬಂದು, ದಿನ ಗೊತ್ತಾಗಿ ಅವರು ಬರುವುದಕ್ಕೆ ಹನ್ನೊಂದು ದಿನ ಹಿಡಿಯಿತು. ಅಷ್ಟು ದಿನವೂ ಲಾಮತ್ ಜಗಲಿಯಲ್ಲಿ ಕೂತು ಹಡಗಿನ ಗರಗರ ಸದ್ದು ಕೇಳಿದ. ಮೀನಿಗೆ ಹೋಗಲಿಲ್ಲ. ಒಂದು ಮಾತ್ರ ಅವನಿಗೆ ಸಮಾಧಾನ ತಂದಿತ್ತು: ಹಡಗಿನವರು ದಿಬ್ಬದ ಮೇಲೆ ಕಾಲಿಡಲಿಲ್ಲ. ಪಕ್ಕದಲ್ಲಿ ನಿಂತು ಕಡಲ ತಳದ ಮರಳನ್ನಷ್ಟೇ ಹೀರುತ್ತಿದ್ದರು.

"ಅವರು ಮುಟ್ಟಿಲ್ಲ ಕಣೇ" ಎಂದ ನಾಲ್ಕನೆಯ ದಿನ.

"ತೊಟ್ಟಿಲ ಕೆಳಗಿನ ನೆಲ ಅಗೆದು, ತೊಟ್ಟಿಲು ಮುಟ್ಟಿಲ್ಲ ಅಂದ ಹಾಗಾಯ್ತು" ಎಂದಳು ತೀಮಾ.

ಅವಳು ಹೇಳಿದ್ದೇ ಸರಿಯಾಗಿತ್ತು. ಆರನೆಯ ದಿನ ಒಂದು ಗಾಳಿಮರ ಓರೆಯಾಯಿತು. ಎಂಟನೆಯ ದಿನ ಐದೇ ಮರ. ಮರಳು ತಗ್ಗಿನ ಕಡೆಗೇ ಜಾರುತ್ತದೆ. ತಳದಲ್ಲಿ ಗುಂಡಿ ಬಿದ್ದ ಮೇಲೆ ಮೇಲಿನದು ತಾನಾಗಿ ಇಳಿಯುತ್ತದೆ. ಇದನ್ನು ಲಾಮತನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಎಣಿಸುವುದು ಬೇಡವೆಂದು ಒಳಗೆ ಹೋಗುತ್ತಿದ್ದ, ಮತ್ತೆ ಬಂದು ಎಣಿಸುತ್ತಿದ್ದ. ಹತ್ತನೆಯ ದಿನ ಹುಣ್ಣಿಮೆಯ ಉಬ್ಬರ. ಅವತ್ತು ಸಂಜೆ ತೀಮಾ ಅವನ ಜಗಲಿಗೆ ಚಾಪೆ ಅಡ್ಡ ಕಟ್ಟಿದಳು.

"ಗಾಳಿ ಜಾಸ್ತಿ ಇದೆ" ಎಂದಳು. ಗಾಳಿ ಇರಲಿಲ್ಲ.

ಹನ್ನೊಂದನೆಯ ದಿನ ಬೆಳಿಗ್ಗೆ ಎರಡು ಸರ್ಕಾರಿ ದೋಣಿ ಬಂದವು. ಒಂದರಲ್ಲಿ ಬು ರತ್ಮಿ, ಇನ್ನೊಂದರಲ್ಲಿ ಆಚೆ ಜಿಲ್ಲೆಯ ಅಧಿಕಾರಿ ಪಾಕ್ ಸುರ್ಯಾದಿ. ಲಾಮತ್ ಒಗೆದ ಅಂಗಿ ತೊಟ್ಟು, ತಲೆಗೆ ಟೋಪಿ ಹಾಕಿ, ತನ್ನದೇ ದೋಣಿಯಲ್ಲಿ ಬರುತ್ತೇನೆಂದ. ತೀಮಾ ಹುಟ್ಟು ಹಿಡಿದಳು. ಹೇಳಿಬಿಡುವುದೆಂದು ಅವನು ಗಟ್ಟಿ ಮಾಡಿಕೊಂಡಿದ್ದ. ಸತ್ತವರು ಎದ್ದು ಬಂದರೆ ಬರಲಿ. ಮನೆಯಲ್ಲಿ ಸಾಯುವುದಕ್ಕೆ ತಾನೊಬ್ಬನೇ ತಾನೆ ಇರುವುದು. ತಂಗಿಯನ್ನು ಮಾತ್ರ ಬೇರೆ ಊರಿಗೆ ಕಳಿಸಬೇಕು.

ದಿಬ್ಬ ಇರಬೇಕಾದ ಜಾಗಕ್ಕೆ ಬಂದಾಗ ಅಲ್ಲಿ ಉಬ್ಬರದ ನೀರು ಚಪ್ಪಟೆಯಾಗಿ ಓಡುತ್ತಿತ್ತು. ಒಂದು ಗಾಳಿಮರದ ತುದಿ ನೀರಿನಿಂದ ಮೇಲೆದ್ದು ನೀರಿನ ಓಟಕ್ಕೆ ನಡುಗುತ್ತಿತ್ತು. ಬೇರೇನೂ ಇರಲಿಲ್ಲ. ಹಡಗು ಲಂಗರೆತ್ತಿ ತುಸು ತೆಂಕಕ್ಕೆ ಸರಿದು ನಿಂತಿತ್ತು.

ಸುರ್ಯಾದಿ ಯಂತ್ರ ಹಿಡಿದು ನೋಡಿದ. ಗುಂಡು ಕಟ್ಟಿದ ಹಗ್ಗ ಇಳಿಬಿಟ್ಟ. ಒಂದು ಮಾರಿಗೂ ಹೆಚ್ಚು ಆಳ. ಅವನ ಸಹಾಯಕ ಏನೋ ಬರೆದುಕೊಂಡ. ದೋಣಿಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡುತ್ತಿದ್ದವು.

"ಉಬ್ಬರದಲ್ಲಿ ಮುಳುಗಿದೆ" ಎಂದು ಸುರ್ಯಾದಿ ಬು ರತ್ಮಿಗೆ ಹೇಳಿದ. ಮುದುಕನ ಕಡೆ ನೋಡಲಿಲ್ಲ. "ಈಗ ಇದು ದ್ವೀಪ ಅಲ್ಲ. ದ್ವೀಪ ಅಲ್ಲದ್ದಕ್ಕೆ ತಿದ್ದುಪಡಿ ಅರ್ಜಿ ತಗೊಳ್ಳೋಕೆ ಬರಲ್ಲ, ಬು. ನಿಮಗೂ ಗೊತ್ತು."

"ಹೇಳಿಕೆ ಆದ್ರೂ ಬರಕೊಳ್ಳೋಣ. ಇಷ್ಟು ದಿನ ಕಾದು ಬಂದಿದಾರೆ."

"ಯಾವ ಪುಸ್ತಕದಲ್ಲಿ ಬರೀಲಿ? ಜಾಗಾನೇ ಇಲ್ವಲ್ಲ."

ಬು ರತ್ಮಿ ಲಾಮತನ ದೋಣಿಯ ಅಂಚು ಹಿಡಿದುಕೊಂಡಳು. "ಆತೋಕ್, ನಾನು ಬೇಗ ಕಳಿಸಿದ್ದೆ ಕಾಗದ. ಅವತ್ತೇ ಕಳಿಸಿದ್ದೆ" ಎಂದಳು.

"ನೀನು ಕಳಿಸಿದ್ದೆ ಮಗಳೇ. ನಾನೇ ಆರು ವರ್ಷ ತಡ ಮಾಡಿದೆ."

ಅವನು ಎದ್ದು ನಿಂತ. ನಿಂತ ಭಾರಕ್ಕೆ ದೋಣಿ ತೂಗಿತು.

"ಆತೋಕ್, ಈಗ ಹೇಳಿ ಏನೂ ಆಗಲ್ಲ. ಬರಕೊಳ್ಳೋಕೆ ಆಗಲ್ಲ" ಎಂದ ಸುರ್ಯಾದಿ. ಅವನ ದನಿಯಲ್ಲಿ ಒರಟುತನ ಇರಲಿಲ್ಲ.

"ಬರೀಬೇಡಿ ಸ್ವಾಮಿ. ನಿಮಗಲ್ಲ ನಾನು ಹೇಳೋದು."

ಎಪ್ಪತ್ತೆರಡು ವರ್ಷ ಆ ಜಾಗದಲ್ಲಿ ಒಂದು ಹೆಸರೂ ಎತ್ತದ ಬಾಯಿ ಅದು. ಮೊದಲ ಸಲ ಗಂಟಲಿನಿಂದ ಬರೀ ಉಸಿರು ಬಂತು. ಆಮೇಲೆ ಹೆಸರು ಬಂತು. ತಂದೆಯ ಹೆಸರು ಹಿಡಿದು ಕರೆದ, ತಾಯಿಯ ಹೆಸರು ಹಿಡಿದು ಕರೆದ. ಕೊನೆಯ ಬಾತಿನ್ ಆಗಿದ್ದ ಮುತ್ತಾತನನ್ನು ಕರೆದ. ಹೆಂಡತಿಯ ಹೆಸರು ಕೂಗಿದ ಚಿಕ್ಕಪ್ಪನನ್ನು, ಅವನ ಆ ಹೆಂಡತಿಯನ್ನು, ಆ ಮಳೆಗಾಲ ಸತ್ತ ಮೂವರನ್ನು ಕರೆದ. "ಏಳಿ, ಇನ್ನು ಇಲ್ಲಿ ಮಲಗೋಕೆ ಆಗಲ್ಲ. ನೆಲ ಹೋಯ್ತು. ದೋಣಿ ಹಿಂದೆ ಬನ್ನಿ. ಮನೆ ಚಿಕ್ಕದು, ಹೇಗೋ ಆಗುತ್ತೆ, ಬನ್ನಿ."

ತೀಮಾ ಮೊದಲು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು. ಅಣ್ಣನ ದನಿ ಒಡೆದಾಗ ಅವಳು ಕೈ ತೆಗೆದಳು. "ದೋಲಾ!" ಎಂದು ಕಿರುಚಿದಳು. "ಏ ದೋಲಾ! ನಿದ್ದೆ ಸಾಕು, ಏಳು! ಬದುಕಿದ್ದಾಗಲೂ ಎಬ್ಬಿಸಿ ಎಬ್ಬಿಸಿ ಸಾಕಾಯ್ತು ನಂಗೆ. ನೀರು ಬಂದಿದೆ ಮುಠ್ಠಾಳ, ಎದ್ದು ಬಾ!"

ಸರ್ಕಾರಿ ದೋಣಿಯಲ್ಲಿ ಮೋಟಾರಿನವನು ತಾನಾಗಿ ಮೋಟಾರು ಆರಿಸಿದ. ಸುರ್ಯಾದಿ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಎಲ್ಲರ ಹೆಸರೂ ಮುಗಿಯಿತು. ಇಬ್ಬರು ಉಳಿದರು. ಲಾಮತ್ ಗಾಳಿಮರದ ತುದಿಯ ಕಡೆ ತಿರುಗಿದ.

"ಬಿದಾ" ಎಂದ. ಕೂಗಲಿಲ್ಲ. ಪಕ್ಕದ ಚಾಪೆಯಲ್ಲಿ ಮಲಗಿದವಳನ್ನು ಎಬ್ಬಿಸುವಷ್ಟೇ ದನಿ. "ಬಿದಾ, ಬಾರೇ."

ಮುಂದೆ ಏನು ಕರೆಯಬೇಕೆಂದು ಅವನಿಗೆ ಗೊತ್ತಿರಲಿಲ್ಲ. ಹೆಸರಿದ್ದವರು ಕರೆದರೆ ಬರುತ್ತಾರೆ. ಹೆಸರಿಲ್ಲದ ಮಗು ಯಾರು ಕರೆದರೆ ಎದ್ದೀತು?

"ಒಂದು ಹೆಸರು ಇಡು ಅಬಾಂಗ್. ಈಗಲೇ ಇಡು, ಏನಾದ್ರೂ ಇಡು" ಎಂದಳು ತೀಮಾ ಅಳುತ್ತ.

ಲಾಮತ್ ತಲೆಯಾಡಿಸಿದ. "ಅದಕ್ಕೊಂದು ಇದೆ. ಅವಳು ಇಟ್ಟಿದಾಳೆ." ದೋಣಿಯ ಅಂಚಿನ ಮೇಲೆ ಬಾಗಿ, ನೀರಿಗೆ ಮುಖ ತಂದು ಹೇಳಿದ: "ಬಿದಾ, ಮಗೂನ ನೀನೇ ಕರಕೊಂಡು ಬಾ. ನಂಗೆ ಹೆಸರು ಗೊತ್ತಿಲ್ಲ. ನೀ ಹೇಳಲೇ ಇಲ್ಲ ನಂಗೆ. ಎತ್ಕೊಂಡು ಬಾ, ನೆನೀದ ಹಾಗೆ ಸೆರಗಲ್ಲಿ ಸುತ್ಕೋ."

ಆಮೇಲೆ ಕೂತ. ಟೋಪಿ ಸರಿಮಾಡಿಕೊಂಡ. "ನಡಿ" ಎಂದ.

ನೀರು ತಿರುಗುವ ಹೊತ್ತಾಗಿತ್ತು. ಇನ್ನು ಸ್ವಲ್ಪ ಹೊತ್ತಿಗೆ ಇಳಿತ ಶುರುವಾದರೆ ಸೆಂಪುರಿಗೆ ಹೋಗುವ ಪುಟ್ಟ ದೋಣಿಯನ್ನು ತೆಂಕಣ ಬಾಯಿಗೆ ಎಳೆದುಕೊಂಡು ಹೋಗುತ್ತದೆ. ತೀಮಾ ಬಲವಾಗಿ ಹುಟ್ಟು ಹಾಕತೊಡಗಿದಳು. ಬು ರತ್ಮಿ ತಮ್ಮ ದೋಣಿಗೆ ಕಟ್ಟಿ ಎಳೆದುಕೊಂಡು ಹೋಗುತ್ತೇವೆಂದು ಹಗ್ಗ ಎಸೆಯಲು ಬಂದಳು. ಲಾಮತ್ ಕೈಯೆತ್ತಿ ಬೇಡವೆಂದ.

"ಮೆಲ್ಲಗೆ, ತೀಮಾ."

"ನೀರು ತಿರುಗ್ತಿದೆ ಅಬಾಂಗ್, ಕಾಣಿಸಲ್ವಾ? ದಡ ಸಿಗಲ್ಲ."

"ಗೊತ್ತು. ಮೆಲ್ಲಗೆ ಹಾಕು." ಅವನು ಹಿಮ್ಮುಖವಾಗಿ ಕೂತು ದೋಣಿಯ ಹಿಂದಿನ ನೀರನ್ನೇ ನೋಡುತ್ತಿದ್ದ. "ಬಾಣಂತಿ ಅವಳು. ಮಗು ಎತ್ಕೊಂಡಿದಾಳೆ."

ತೀಮಾ ಹುಟ್ಟನ್ನು ನೀರಿಗಿಳಿಸಿದಳು, ಎತ್ತಿದಳು, ಹನಿಯೆಲ್ಲ ಸೋರುವ ತನಕ ಕಾದು ಮತ್ತೆ ಇಳಿಸಿದಳು. ಮಧ್ಯಾಹ್ನವೆಲ್ಲ ಅವರು ಗಂಡಿಯಲ್ಲೇ ಇದ್ದರು. ಇಳಿತ ದೋಣಿಯನ್ನು ತೆಂಕಕ್ಕೆ ಎಳೆಯುತ್ತಿತ್ತು, ತೀಮಾ ಸಾವಕಾಶವಾಗಿ ಮನೆಯ ಕಡೆಗೆ ತಿರುಗಿಸುತ್ತಿದ್ದಳು. ನಡುನಡುವೆ ಲಾಮತ್ ಕೈಯೆತ್ತುತ್ತಿದ್ದ. ಆಗ ಅವಳು ಹುಟ್ಟು ಮೇಲಿಟ್ಟು, ಹಿಂದಿನವರು ಹತ್ತಿರ ಬರುವ ತನಕ ನಿಲ್ಲುತ್ತಿದ್ದಳು.